ಹೊರಗಿನ ಕೆಲಸ ನನ್ನದು

ಸೆಪ್ಟೆಂಬರ್ 22, ಸೋಮವಾರ

ಬಿ.ಪಿ. 168/96.

ಕ್ಲಿನಿಕ್ಕಿನ ನರ್ಸಮ್ಮ ಈ ಪುಸ್ತಕ ಕೊಟ್ಟು, ದಿನಾ ಬೆಳಿಗ್ಗೆ ಬಿ.ಪಿ. ಬರೆಯಿರಿ ಅಂದಳು. ಜನರ ಮೇಲೆ ಹರಿಹಾಯೋ ಬದಲು ಅದನ್ನೂ ಇದರಲ್ಲೇ ಬರೆದುಹಾಕಿ ನೆಸ್ಟರ್, ಯಾರೂ ಓದಲ್ಲ ಅಂದಳು. ಹಾಗಿದ್ದರೆ ಇದು ತೀರಾ ತೆಳ್ಳಗಾಯಿತು, ದಪ್ಪದು ಕೊಡು ಅಂದೆ. ನಗಲಿಲ್ಲ.

ಇವತ್ತಿಂದ ನನ್ನ ಸೀಸನ್ ಶುರು. ಬೇಸಿಗೆಯೆಲ್ಲ ಸರೋವರದ ದಂಡೆಯಲ್ಲಿ ಟ್ರೇಲರ್ ನಿಲ್ಲಿಸಿಕೊಂಡು, ಆ ಚಕ್ರದ ಮನೆಯಲ್ಲೇ ಬೇಯಿಸಿ ತಿಂದು ಮಲಗಿ ಮಜಾ ಮಾಡಿದ ಮಂದಿಗೆ ಈಗ ಚಳಿಯ ನೆನಪು ಬಂದಿದೆ. ನಮ್ಮ ಚಳಿಗೆ ಪೈಪಿನಲ್ಲಿ ಒಂದು ಲೋಟ ನೀರು ಉಳಿದರೂ ಸಾಕು, ಗಡ್ಡೆಕಟ್ಟಿ ಪೈಪನ್ನ ಸೀಳುತ್ತೆ. ಗೋಡೆಯೊಳಗೆ ಸೀಳಿದ್ದು ಗೊತ್ತಾಗೋದು ಮೇ ತಿಂಗಳಲ್ಲಿ, ನೀರು ಬಿಟ್ಟು, ನೆಲ ಕೊಳೆತ ಮೇಲೆ. ಅದಕ್ಕೇ ಇದ್ದಬದ್ದ ನೀರೆಲ್ಲ ಬಸಿದು, ಹೆಪ್ಪುಗಟ್ಟದ ಗುಲಾಬಿ ದ್ರವವನ್ನ ಪಂಪಿನಿಂದ ಎಳೆದು, ಒಂದೊಂದೇ ನಲ್ಲಿ ತಿರುಗಿಸಿ ಗುಲಾಬಿ ಬಣ್ಣ ಬರೋತನಕ ಬಿಡಬೇಕು. ಇಷ್ಟೇ ಕೆಲಸ. ಮೂವತ್ತೊಂದು ವರ್ಷದಿಂದ ಮಾಡ್ತಿದ್ದೇನೆ, ಈ ಊರಲ್ಲಿ ಇನ್ಯಾರಿಗೂ ಸರಿಯಾಗಿ ಬರಲ್ಲ.

ಮೊದಲನೇ ಟ್ರೇಲರೇ ಪ್ರಿಂಗಲ್‌ದು. ಪಾಯಿಖಾನೆ ಟ್ಯಾಂಕು ಖಾಲಿ ಮಾಡಿದೀರಾ ಅಂತ ಕೇಳಿದೆ. ಆಗಲೇ ಆಯ್ತು ಅಂದ ಮಹಾಶಯ. ತೂಬು ತೆಗೆದೆ. ಮೂರು ವಾರದ್ದು, ಅದೂ ಬಿಸಿಲಲ್ಲಿ ಕುದ್ದದ್ದು, ಮೊಣಕೈವರೆಗೆ ಬಂತು. ಥೂ. ಅವನು ಮೂಗು ಮುಚ್ಚಿಕೊಂಡು ದೂರ ನಿಂತು, ಓ ಮರೆತಿದ್ದೆ ಅಂದ. ಮೂರು ಸಲ ಸೋಪು ಹಚ್ಚಿ ತೊಳೆದೆ. ಈಗ ಬರೆಯುವಾಗಲೂ ಕೈ ಮೂಗಿನ ಹತ್ತಿರ ಬಂದರೆ ವಾಕರಿಕೆ ಬರ್ತಿದೆ.

ಸೆಪ್ಟೆಂಬರ್ 25, ಗುರುವಾರ

171/98. ಯಾಕೆ ಅಂತ ಬರೀತೀನಿ.

ಪೆಟ್ರೋಲ್ ಬಂಕಿನಲ್ಲಿ ಒರೆಸ್ಟ್ ಸಿಕ್ಕಿದ. ಅವನು ನನ್ನ ಹೆಂಡತಿ ಮರೂಸ್ಯಾಳ ತಮ್ಮ. ದೂರದಿಂದಲೇ ಟೋಪಿ ಮುಟ್ಟಿ, "ಚೆನ್ನಾಗಿದೀರಾ ಭಾವ" ಅಂದ. ನಾನು ಪೆಟ್ರೋಲಿನ ಅಂಕಿ ತಿರುಗೋದನ್ನ ನೋಡ್ತಾ ನಿಂತೆ. ಎಂಟು ವರ್ಷದಿಂದ ಹೀಗೇ. ಇವನೂ ಮರ್ಯಾದೆ ಬಿಟ್ಟವನು, ಭಾವ ಅನ್ನೋದನ್ನ ನಿಲ್ಲಿಸಲ್ಲ.

ಹಿಂದೆ ನಾವಿಬ್ಬರೂ ಜೊತೆಯಲ್ಲಿ ಕೆಲಸ ಮಾಡ್ತಿದ್ದೆವು. ಒಳಗಿನದು ಅವನದು, ಹೊರಗಿನದು ನನ್ನದು. ಅವನು ಅಡಿಗೆಮನೆ, ಬಚ್ಚಲು, ಪಂಪು ನೋಡ್ತಿದ್ದ. ನಾನು ಟ್ಯಾಂಕು, ತೂಬು, ಗೀಸರ್. ಒಂದು ಟ್ರೇಲರಿಗೆ ಮುಕ್ಕಾಲು ಗಂಟೆ, ಮಾತೇ ಬೇಕಾಗ್ತಿರಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಹೆಗ್ಲಂಡನ ಹೊಸ ಟ್ರೇಲರ್ ಮಾಡಿದೆವು. ಮೇ ತಿಂಗಳಲ್ಲಿ ಅವನ ಹೆಂಡತಿ ಒಳಗೆ ಕಾಲಿಟ್ಟರೆ ನೆಲ ಪಚಕ್ ಅಂತು. ಹೊರಗಿನ ಷವರಿನ ಪೈಪು ಗೋಡೆಯೊಳಗೆ ಸೀಳಿಹೋಗಿತ್ತು. ಆ ಷವರ್ ಇರೋದು ಟ್ರೇಲರಿನ ಹಿಂಬದಿ ಗೋಡೆಯ ಪುಟ್ಟ ಬಾಗಿಲಿನೊಳಗೆ, ನಾಯಿಗೋ ಕಾಲಿನ ಮರಳಿಗೋ ನೀರು ಹಾಕೋಕೆ. ಅದನ್ನ ತೆಗೆದು ಗುಲಾಬಿ ಬರಿಸೋದನ್ನ ಒರೆಸ್ಟ್ ಮರೆತಿದ್ದ. ಷವರ್ ಅಂದಮೇಲೆ ಬಚ್ಚಲು. ಬಚ್ಚಲು ಅಂದಮೇಲೆ ಒಳಗಿನವನ ಕೆಲಸ. ಇದರಲ್ಲಿ ಚರ್ಚೆಯೇ ಇಲ್ಲ.

ಕೇಳಿದ್ದಕ್ಕೆ ಬಾಯಿಬಿಡಲಿಲ್ಲ, ನೆಲ ನೋಡ್ತಾ ನಿಂತ. ತಪ್ಪಿಗಿಂತ ಆ ಮೌನ ನನಗೆ ಹೆಚ್ಚು ಹೇಸಿಗೆಯಾಯಿತು. ಐಸಿನ ಮೇಲೆ ಕಲ್ಲು ಜಾರಿಸಿ ಆಡೋ ಕರ್ಲಿಂಗ್ ರಿಂಕಿನಲ್ಲಿ ದಿನಾ ಹತ್ತು ಗಂಟೆಗೆ ಊರಿನ ಗಂಡಸರೆಲ್ಲ ಕಾಫಿಗೆ ಕೂರೋ ಮೇಜಿದೆಯಲ್ಲ, ಅಲ್ಲೇ ಎಲ್ಲರ ಮುಂದೆ ಅವನನ್ನ ಕೆಲಸದಿಂದ ತೆಗೆದೆ. 'ಒಡಕು ಒರೆಸ್ಟ್' ಅಂತ ಹೆಸರಿಟ್ಟವನೂ ನಾನೇ. ಈಗ ಚಿಕ್ಕ ಮಕ್ಕಳೂ ಹಾಗೇ ಕರೀತಾವೆ. ಅವನು ಆಮೇಲೆ ಆ ಮೇಜಿಗೆ ಬಂದಿಲ್ಲ. ಹೊಲ ಮಾರಿದ, ಅಂಗಳದಲ್ಲಿ ಊರವರ ಟ್ರೇಲರ್‌ಗಳನ್ನ ಚಳಿಗಾಲಕ್ಕೆ ನಿಲ್ಲಿಸಿಕೊಂಡು ಬಾಡಿಗೆ ತಿಂತಾನೆ.

ಅವನಂಥ ತಪ್ಪು ನನ್ನಿಂದ ಆಗಬಾರದು ಅಂತಲೇ ಟೇಪಿನ ಪದ್ಧತಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಆ ದಿನ ಎಷ್ಟು ಟ್ರೇಲರೋ ಅಷ್ಟು ಕೆಂಪು ಟೇಪಿನ ತುಂಡು ಕತ್ತರಿಸಿ ಗಾಡಿಯ ಗಾಜಿನ ಕೆಳಗೆ ಸಾಲಾಗಿ ಅಂಟಿಸ್ತೀನಿ. ಹೊರಗಿನ ಷವರ್ ಮುಗಿಸಿ ಪುಟ್ಟ ಬಾಗಿಲು ಮುಚ್ಚಿದ ಮೇಲೆ ಅದರ ಮೇಲೊಂದು ತುಂಡು. ಎಂಟು ವರ್ಷದಲ್ಲಿ ಒಂದು ದೂರಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಇವತ್ತು ಸರೋವರದ ಕ್ಯಾಂಪು ಮುಚ್ಚೋ ದಿನ. ಐದು ಗಂಟೆಗೆ ನೀರು ನಿಲ್ಲಿಸ್ತಾರೆ. ಎಲ್ಲರಿಗೂ ಒಟ್ಟಿಗೆ ಅರ್ಜೆಂಟು. ಏಳು ಟ್ರೇಲರ್ ಮಾಡಿದೆ, ಒಬ್ಬನೇ, ಅದರಲ್ಲಿ ಪ್ರಿಂಗಲ್‌ನ ಎರಡನೇ ಟ್ರೇಲರೂ ಇತ್ತು. ಒಂದರಲ್ಲಿ ಫ್ರಿಜ್ಜಿನಲ್ಲಿ ಮೀನು ಬಿಟ್ಟಿದ್ದರು. ಇನ್ನೊಂದರಲ್ಲಿ ಹಾಸಿಗೆ ಕೆಳಗೆ ಇಲಿ ಸಂಸಾರ, ಅದರ ಹಿಕ್ಕೆಯ ಮೇಲೆ ಅಂಗಾತ ಮಲಗಿ ಕವಾಟ ತಿರುಗಿಸಿದೆ.

ಬೂದು ಬಣ್ಣದ ಟ್ರೇಲರಿನ ಡೋರೀನ್ ಟೀಚರು, ರಿಟೈರಾಗಿ ಹದಿನಾಲ್ಕು ವರ್ಷವಾದರೂ ಮಾತಾಡೋದು ಕ್ಲಾಸಿನಲ್ಲಿ ಮಾತಾಡಿದ ಹಾಗೇ. ಅವರ ಟ್ಯಾಂಕು ಕಟ್ಟಿಕೊಂಡಿತ್ತು. ಮುಖ ಒರೆಸೋ ಒದ್ದೆ ಕಾಗದ ಇರುತ್ತಲ್ಲ, ಅದನ್ನೆಲ್ಲ ಪಾಯಿಖಾನೆಗೆ ಹಾಕಿದ್ದಾರೆ. ಕೋಲು ಹಾಕಿ ಎಳೆದರೆ ಉದ್ದಕ್ಕೆ ಬರ್ತಾ ಇತ್ತು, ಮುಗಿಯೋದೇ ಇಲ್ಲ. ಹಿಂಬದಿಗೆ ಹೋಗೋ ಹೊತ್ತಿಗೆ ಆ ಯಮ್ಮ, ಪ್ಯಾಕೆಟ್ಟಿನ ಮೇಲೆ ಹಾಕಬಹುದು ಅಂತ ಬರೆದಿದೆಯಲ್ಲ ಅಂದರು. ಬಂತು ನೋಡಿ ಸಿಟ್ಟು. ಅಲ್ಲೇ ನಿಂತು ಕಾಲು ಗಂಟೆ ಅವರಿಗೆ ಪಾಠ ಹೇಳಿದೆ. ಟೀಚರಿಗೇ ಪಾಠ ಹೇಳಿದ್ದು ಖುಷಿಯಾಯಿತು.

ಮನೆಗೆ ಬಂದು ಗಾಡಿ ಆರಿಸಿದಾಗ ಗಾಜಿನ ಕೆಳಗೆ ಒಂದು ತುಂಡು ಕೆಂಪು ಟೇಪು ಇನ್ನೂ ಇತ್ತು.

ಅಕ್ಟೋಬರ್ 1, ಬುಧವಾರ

ಎಂಟು ತುಂಡು ಕತ್ತರಿಸಿರಬೇಕು. ಬೆಳಿಗ್ಗೆ ಕತ್ತಲಲ್ಲಿ ಕತ್ತರಿಸಿದ್ದು. ಅಷ್ಟೇ.

ಅಕ್ಟೋಬರ್ 4, ಶನಿವಾರ

ರಿಂಕಿನಲ್ಲಿ ಕಾಫಿ. ಹೆಗ್ಲಂಡ್ ಎಂದಿನ ಹಾಗೆ ಪಕ್ಕದಲ್ಲೇ ಕೂತಿದ್ದ. ಯಾರೋ ಪಕ್ಕದೂರಿನ ಮೆಕ್ಯಾನಿಕ್ ಒಬ್ಬ ಟ್ರೇಲರ್ ಹಾಳುಮಾಡಿದ ಕತೆ ಹೇಳಿದರು. ಎಲ್ಲ ಕಡೆಯೂ ಒಬ್ಬ ಒಡಕು ಒರೆಸ್ಟ್ ಇರ್ತಾನೆ ಅಂದ ಹೆಗ್ಲಂಡ್. ಎಲ್ಲರೂ ನಕ್ಕರು. ನನ್ನ ಬೆನ್ನು ತಟ್ಟಿ, ನೀನೊಬ್ಬ ಇದೀಯ ಬಿಡು ನಮಗೆ ಅಂದ. ಕಾಫಿ ಕಹಿಯಾಗಿತ್ತು. ಹೆಚ್ಚು ಹೊತ್ತು ಕೂರಲಿಲ್ಲ.

ನಾನು ಯಾವತ್ತೂ ಹೆಚ್ಚಿಗೆ ಟೇಪು ಕತ್ತರಿಸಲ್ಲ. ಎಣಿಸಿ ಕತ್ತರಿಸ್ತೀನಿ.

ಅಕ್ಟೋಬರ್ 6, ಸೋಮವಾರ

ರೇಡಿಯೋದಲ್ಲಿ ಹೇಳಿದರು, ಬರೋ ಭಾನುವಾರ ರಾತ್ರಿ ಮೈನಸ್ ಹನ್ನೊಂದು. ಇಲ್ಲೀವರೆಗೆ ಬಂದಿದ್ದು ಬರೀ ಇಬ್ಬನಿ ಬಿಳುಪಾಗೋ ಚಳಿ, ಅದಕ್ಕೆ ಪೈಪು ಒಡೆಯಲ್ಲ. ಭಾನುವಾರದ್ದಕ್ಕೆ ಒಡೆಯುತ್ತೆ.

ಏಳರಲ್ಲಿ ಒಂದಕ್ಕೆ ಟೇಪು ಬಿದ್ದಿಲ್ಲ, ಅಂದರೆ ಅದರ ಷವರ್ ಮಾಡಿಲ್ಲ. ಯಾವುದು ಅಂತ ಗೊತ್ತಿಲ್ಲ. ಸುಮ್ಮನೆ ಇದ್ದುಬಿಟ್ಟರೆ ಮೇ ತಿಂಗಳವರೆಗೆ ಯಾರಿಗೂ ತಿಳಿಯಲ್ಲ. ತಿಳಿದಾಗ ಈ ಊರಲ್ಲಿ ನೆಸ್ಟರನ ಹೆಸರು ಏನಾಗುತ್ತೆ ಅಂತ ನನಗೆ ಗೊತ್ತು, ಯಾಕೆಂದರೆ ಒರೆಸ್ಟನ ಹೆಸರು ಏನಾಯಿತು ಅಂತ ಗೊತ್ತು. ಈಗಲೇ ಏಳೂ ಜನಕ್ಕೆ ಫೋನು ಮಾಡಿದರೆ ಇವತ್ತೇ ತಿಳಿಯುತ್ತೆ. ಎರಡೂ ಹೇಸಿಗೆಯೇ.

ಸಾಯಂಕಾಲದವರೆಗೆ ಫೋನು ಮುಂದೆ ಇಟ್ಟುಕೊಂಡು ಕೂತಿದ್ದೆ. ಕೊನೆಗೆ ಪ್ರಿಂಗಲ್‌ಗೆ ಮಾಡಿದೆ. ಒಂದು ಸಣ್ಣ ವಿಷಯ ಪರೀಕ್ಷೆ ಮಾಡೋದಿದೆ ಅಂದೆ. ಯಾಕೆ, ಏನಾದರೂ ಮರೆತಿರಾ ಅಂದ. ಅದೇ ಪ್ರಿಂಗಲ್, ನನ್ನ ಕೈಗೆ ಮೂರು ವಾರದ್ದನ್ನ ಸುರಿದವನು.

ಅಕ್ಟೋಬರ್ 8, ಬುಧವಾರ

ಟ್ರೇಲರ್‌ಗಳೆಲ್ಲ ಕ್ಯಾಂಪಿನಿಂದ ಊರೂರಿಗೆ ಹೋಗಿವೆ. ಯಾರದೋ ಹೊಲದ ಹಿಂದೆ, ಯಾರದೋ ಕಣಜದ ಪಕ್ಕ. ಎರಡು ದಿನದಲ್ಲಿ ನಾಲ್ಕು ನೋಡಿದೆ. ಪ್ರತಿ ಕಡೆ ಒಂದು ನಾಯಿ ಬೊಗಳುತ್ತೆ, ಒಬ್ಬಳು ಹೆಂಗಸು ಪರದೆ ಸರಿಸಿ ನೋಡ್ತಾಳೆ, ಒಬ್ಬ ಗಂಡಸು ಜೇಬಿನಲ್ಲಿ ಕೈ ಇಟ್ಟು ಹತ್ತಿರ ಬಂದು ನಿಲ್ತಾನೆ. ನಾನು ಬಗ್ಗಿ ಪುಟ್ಟ ಬಾಗಿಲು ತೆಗೆದು, ನಲ್ಲಿ ತಿರುಗಿಸಿ, ಗುಲಾಬಿ ಹನಿ ಬಿದ್ದ ಮೇಲೆ, ಸರಿಯಾಗಿದೆ ಅಂತೀನಿ. ಸರಿಯಾಗಿರೋದನ್ನ ನೋಡೋಕೆ ಮೂವತ್ತು ಮೈಲಿ ಬಂದ್ರಾ ಅಂತ ಒಬ್ಬ ಕೇಳಿದ. ನಗ್ತಾ ಕೇಳಿದ. ಆ ನಗುವಿನಷ್ಟು ಅಸಹ್ಯ ಆ ಇಲಿಹಿಕ್ಕೆಯೂ ಆಗಿರಲಿಲ್ಲ.

ನಾಲ್ಕಕ್ಕೂ ಟೇಪಿತ್ತು, ನಾಲ್ಕೂ ಗುಲಾಬಿ. ಉಳಿದದ್ದು ಮೂರು.

ಅಕ್ಟೋಬರ್ 9, ಗುರುವಾರ

ಮೂರೂ ಒರೆಸ್ಟನ ಅಂಗಳದಲ್ಲಿವೆ. ಡೋರೀನ್ ಟೀಚರಿಗೆ ಫೋನು ಮಾಡಿದಾಗ ಗೊತ್ತಾಯಿತು. ಅವರು ಆಗಲೇ ಅರಿಜೋನಾದ ಬಿಸಿಲಿಗೆ ಹೋಗಿಬಿಟ್ಟಿದ್ದಾರೆ. ಒರೆಸ್ಟ್ ಹತ್ತಿರ ಕೀಲಿ ಇದೆ, ಪಾಪ ಒಳ್ಳೆ ಮನುಷ್ಯ, ಕೇಳಿ, ಕೊಡ್ತಾನೆ ಅಂದರು. ಪಾಪವಂತೆ.

ಅವನ ಅಂಗಳಕ್ಕೆ ನಾನು ಕಾಲಿಡಲ್ಲ. ಇಟ್ಟರೆ ಅವನ ಮುಖದಲ್ಲಿ ಏನು ಕಾಣುತ್ತೆ ಅಂತ ಗೊತ್ತು.

ಅಕ್ಟೋಬರ್ 10, ಶುಕ್ರವಾರ

ಹೋಗಲಿಲ್ಲ. ಅವನ ಮನೆ ದಾರಿಯಲ್ಲಿ ಎರಡು ಸಲ ಗಾಡಿ ಓಡಿಸಿದೆ. ಎರಡನೇ ಸಲ ಅವನು ಅಂಗಳದಲ್ಲಿ ಎಲೆ ಗುಡಿಸ್ತಾ ಇದ್ದ, ಕೈ ಎತ್ತಿದ. ನಾನು ಎತ್ತಲಿಲ್ಲ. ಮನೆಗೆ ಬಂದು ಹಳೇ ಎಲೆಕೋಸು ಸಾರು ಬಿಸಿ ಮಾಡಿದೆ. ಹುಳಿ ಹಿಡಿದಿತ್ತು. ಚೆಲ್ಲಿದೆ.

ಅಕ್ಟೋಬರ್ 11, ಶನಿವಾರ

ಹೋದೆ. ನಾಳೆ ರಾತ್ರಿ ಚಳಿ. ಇನ್ನು ದಿನವಿಲ್ಲ.

ಗೇಟಿನ ಹತ್ತಿರ ಗಾಡಿ ನಿಲ್ಲಿಸಿದೆ. ಒರೆಸ್ಟ್ ಹೊರಗೆ ಬಂದ. ಮುಖದಲ್ಲಿ ನಾನು ಅಂದುಕೊಂಡಿದ್ದು ಏನೂ ಇರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ, ಮರೂಸ್ಯಾಳ ಮೂಗು ಹಾಗೇ ಇದೆ. ಅಷ್ಟು ಹತ್ತಿರದಿಂದ ಅವನನ್ನ ನೋಡಿ ಎಂಟು ವರ್ಷವಾಗಿತ್ತು. ನಾನು ಟ್ರೇಲರ್ ನೋಡಬೇಕು ಅಂದೆ, ಅವನ ಭುಜದ ಆಚೆ ನೋಡ್ತಾ.

"ಬೂದು ಬಣ್ಣದ್ದು ಅಲ್ವಾ?" ಅಂದ. "ಬಂದ ದಿನವೇ ತೆಗೆದು ನೋಡಿದೆ ಭಾವ. ನೀರಿತ್ತು. ಬಸಿದು ಗುಲಾಬಿ ಹಾಕಿದೀನಿ."

ನನಗೆ ಮೊದಲು ಬಂದದ್ದು ಸಿಟ್ಟೇ. ನಾನು ಮಾಡಿದ ಕೆಲಸದ ಮೇಲೆ ನೀನು ಯಾರೋ ಕೈಯಾಡಿಸೋಕೆ ಅಂತ ಕೇಳಿದೆ. ಅವನು ಪೊರಕೆಯನ್ನ ಗೋಡೆಗೆ ಒರಗಿಸಿದ.

"ನೀವು ಮಾಡಿದ್ದು ಯಾವುದು ಬಂದ್ರೂ ನೋಡ್ತೀನಿ. ಮೊದಲ ವರ್ಷದಿಂದಾನೂ."

"ಎಷ್ಟು ಸಿಕ್ಕಿವೆ?"

"ಇದೂ ಸೇರಿ ಮೂರು. ಹಿಂದಿನ ಎರಡಕ್ಕೆ ನಿಮ್ಮ ಕೆಂಪು ಟೇಪೂ ಇತ್ತು."

ಟೇಪಿತ್ತು, ನೀರೂ ಇತ್ತು. ಅಂದರೆ ನನ್ನ ಕೈ ತನ್ನ ಪಾಡಿಗೆ ಅಂಟಿಸಿಕೊಂಡು ಹೋಗ್ತಾ ಇತ್ತು, ಬಾಗಿಲು ತೆಗೆಯದೇ. ಎಂಟು ವರ್ಷದಲ್ಲಿ ಒಂದೂ ದೂರಿಲ್ಲ ಅಂತ ಮೆರೆದದ್ದು ಇದೇ ನಾನು. ಅಂಗಳದಲ್ಲಿ ಇನ್ನೂ ಹತ್ತು ಹನ್ನೆರಡು ಟ್ರೇಲರ್ ನಿಂತಿದ್ದವು. ಅವುಗಳ ಹಿಂಬದಿ ನೋಡೋಕೆ ಆಗಲಿಲ್ಲ.

ಹೆಗ್ಲಂಡನ ಟ್ರೇಲರಿನ ವಿಷಯ ನಾನೇ ಎತ್ತಿದೆ. ಎತ್ತಬೇಕು ಅಂತ ಹೋಗಿರಲಿಲ್ಲ. ಅವತ್ತು ಆ ಷವರ್... ಅಂದು ನಿಲ್ಲಿಸಿದೆ.

"ಅವತ್ತು ನಾನು ಒಳಗಿದ್ದೆ ಭಾವ," ಅಂದ. ಅಷ್ಟೇ ಅಂದ.

ಆ ಪುಟ್ಟ ಬಾಗಿಲು ಇರೋದು ಹೊರಗಿನ ಗೋಡೆಯಲ್ಲಿ. ಅದರ ಕೀಲಿ ಇರ್ತಾ ಇದ್ದದ್ದು ನನ್ನ ಜೇಬಿನಲ್ಲಿ. ನಾವು ಜೊತೆಯಲ್ಲಿದ್ದಷ್ಟು ದಿನ ಅವನ ಹತ್ತಿರ ಆ ಕೀಲಿ ಇರಲೇ ಇಲ್ಲ.

ಮತ್ತೆ ಯಾಕೋ ಆಗ ಬಾಯಿಬಿಡಲಿಲ್ಲ ಅಂತ ಕೇಳಿದೆ. ಎರಡು ಸಲ ಕೇಳಬೇಕಾಯಿತು.

"ಆ ಟ್ರೇಲರ್ ಮಾಡಿದಾಗ ಅಕ್ಕ ತೀರಿಹೋಗಿ ಇಪ್ಪತ್ತು ದಿನ ಆಗಿತ್ತು. ನೀವು ಊಟ ಬಿಟ್ಟಿದ್ರಿ, ನಿದ್ದೆ ಬಿಟ್ಟಿದ್ರಿ. ಚಳಿಗಾಲವೆಲ್ಲ ಹಾಗೇ ಇದ್ರಿ. ಕೈಯಲ್ಲಿ ಉಳಿದಿದ್ದು ಈ ಕೆಲಸವೊಂದೇ. ಅದನ್ನೂ ನಾನೇ ಕಿತ್ಕೊಳ್ಳೋದಾ?" ಆಮೇಲೆ ಪೊರಕೆಯನ್ನ ಮತ್ತೆ ಕೈಗೆ ತೆಗೆದುಕೊಂಡು, "ಒಂದು ತಿಂಗಳು ಕೂಗಾಡ್ತೀರಿ, ಆಮೇಲೆ ನಿಮಗೇ ಹೊಳೆಯುತ್ತೆ ಅಂದ್ಕೊಂಡಿದ್ದೆ. ಎಂಟು ವರ್ಷ ಹಿಡಿಯುತ್ತೆ ಅಂತ ಗೊತ್ತಿದ್ರೆ ಅವತ್ತೇ ಹೇಳಿಬಿಡ್ತಿದ್ದೆ," ಅಂದ.

ಕಾಫಿ ಕುಡೀತೀರಾ ಅಂತ ಕೇಳಿದ. ಬೇಡ ಅಂದು ಬಂದೆ. ಕುಡಿಯೋ ಮುಖ ನನಗಿರಲಿಲ್ಲ.

ಅಕ್ಟೋಬರ್ 12, ಭಾನುವಾರ

ಬಿ.ಪಿ. ನೋಡಲಿಲ್ಲ. ಮೈನಸ್ ಹನ್ನೊಂದು ಅಂದಿದ್ದರು, ಹದಿಮೂರಾಯಿತು. ಎಲ್ಲೂ ಏನೂ ಒಡೆಯಲ್ಲ.

ನನ್ನ ಮೇಲೇ ನನಗೆ ಹೇಸಿಗೆಯಾಗ್ತಿದೆ. ಈ ಪುಸ್ತಕವನ್ನ ಮೊದಲಿಂದ ಓದಿದೆ. ಷವರ್ ಅಂದಮೇಲೆ ಬಚ್ಚಲು, ಬಚ್ಚಲು ಅಂದಮೇಲೆ ಒಳಗಿನವನ ಕೆಲಸ ಅಂತ ಬರೆದಿದ್ದೇನೆ. ಯಾರೂ ಓದಲ್ಲ ಅಂತ ಕೊಟ್ಟ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಒರೆಸ್ಟನನ್ನ ಮದುವೆಗಳಿಗೆ ಕರೆಯೋದು ನಿಂತುಹೋಯಿತು. ಅವನ ಹೆಂಡತಿ ಚರ್ಚಿನ ಅಡಿಗೆಮನೆಗೆ ಪೆರೋಗಿ ಕಡುಬು ಮಾಡೋಕೆ ಬರೋದು ಬಿಟ್ಟಳು. ಹೆಗ್ಲಂಡ್ ಮತ್ತು ಅವನು ಒಂದೇ ಬೆಂಚಿನಲ್ಲಿ ಓದಿದವರು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ನೋಡ್ತಾನೇ ಇದ್ದೆ, ಅನುಭವಿಸಲಿ ಅಂತ ನೋಡ್ತಾ ಇದ್ದೆ.

ಅಕ್ಟೋಬರ್ 14, ಮಂಗಳವಾರ

ಹತ್ತು ಗಂಟೆಗೆ ರಿಂಕಿಗೆ ಹೋದೆ. ಒಂಬತ್ತು ಜನ ಇದ್ದರು. ಕಾಫಿಗೆ ಯಾರು ದುಡ್ಡು ಕೊಡಬೇಕು ಅಂತ ದಾಳ ಹಾಕ್ತಾರಲ್ಲ, ಲೋಟ ನನ್ನ ಕೈಗೆ ಬಂದಿತ್ತು. ಅದನ್ನ ಮೇಜಿನ ಮೇಲಿಟ್ಟು ಹೇಳಿದೆ. ಹೆಗ್ಲಂಡನ ಟ್ರೇಲರ್ ಒಡೆದದ್ದು ನನ್ನಿಂದ, ಒರೆಸ್ಟನಿಂದ ಅಲ್ಲ, ಹೊರಗಿನ ಕೆಲಸ ನನ್ನದಾಗಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು ಅಂದೆ. ಆಮೇಲೂ ಮೂರು ತಪ್ಪಿದ್ದೇನೆ, ಮೂರನ್ನೂ ಅವನು ಯಾರಿಗೂ ಹೇಳದೆ ಸರಿಮಾಡಿದ ಅಂದೆ. ಯಾವ ಮೂರು ಅಂತ ಒಬ್ಬ ಕೇಳಿದ. ಎರಡರ ಹೆಸರು ನನಗೂ ಗೊತ್ತಿಲ್ಲ ಅಂದೆ.

 ಹೊಸ ಐಸು ಹಾಕೋ ಯಂತ್ರದ ಸದ್ದು ಪಕ್ಕದ ಆಟದ ಅಂಗಣದಿಂದ ಬರ್ತಾ ಇತ್ತು. ಯಾರೋ ಒಬ್ಬ ಸಮಾಧಾನಕ್ಕೆ, ಹೋಗಲಿ ಬಿಡು ನೆಸ್ಟರ್, ಹಳೇ ಕತೆ ಅಂದ.

ಹೆಗ್ಲಂಡ್ ಅವನ ಕಡೆ ತಿರುಗಿ, "ನಿನಗೆ ಹಳೇದು," ಅಂದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ, "ನನ್ನ ಮಗನ ಮದುವೆಗೆ ಅವನೊಬ್ಬನನ್ನೇ ಕರೆದಿರಲಿಲ್ಲ ನಾನು. ಅವನು ಚರ್ಚಿನ ಆಚೆ ರಸ್ತೆಯಲ್ಲಿ ಗಾಡಿ ನಿಲ್ಲಿಸ್ಕೊಂಡು ಹುಡುಗ ಹೊರಗೆ ಬರೋದನ್ನ ನೋಡಿ ಹೋದ. ನನಗೆ ಕಾಣಿಸ್ತು. ನಾನು ಕೈ ಕೂಡ ಎತ್ತಲಿಲ್ಲ."

ಎದ್ದು ಹೋದ. ಕಾಫಿ ಅರ್ಧ ಹಾಗೇ ಇತ್ತು. ಕಿಟಕಿಯಿಂದ ನೋಡಿದೆ, ಅವನ ಗಾಡಿ ಮನೆ ಕಡೆ ತಿರುಗಲಿಲ್ಲ, ಒರೆಸ್ಟನ ದಾರಿ ಹಿಡಿಯಿತು. ಎಲ್ಲರ ಕಾಫಿ ದುಡ್ಡು ಮೇಜಿನ ಮೇಲಿಟ್ಟು ನಾನೂ ಬಂದೆ.

ಅಕ್ಟೋಬರ್ 17, ಶುಕ್ರವಾರ

ಬೇಟೆಗೆ ಹೋದವರು ಈಗ ಕಾಡಿನಿಂದ ಟ್ರೇಲರ್ ಎಳೆದುಕೊಂಡು ಬರೋ ಹೊತ್ತು. ಅಲ್ಲೀತನಕ ಒಳಗೆ ಬೆಂಕಿ ಹಚ್ಚಿಕೊಂಡೇ ಇರ್ತಾರೆ, ಅದಕ್ಕೆ ಅವರ ಪೈಪು ಇನ್ನೂ ಉಳಿದಿರುತ್ತೆ. ಪ್ರತಿ ವರ್ಷ ಈ ವಾರ ನನಗೆ ಉಸಿರಾಡೋಕೆ ಬಿಡುವಿರಲ್ಲ.

ಇವತ್ತು ನಾಲ್ಕು ಫೋನು ಬಂದವು. ಮೊದಲನೆಯವನು ಬಹಳ ಹೊತ್ತು ಹವಾಮಾನ ಮಾತಾಡಿದ. ಆಮೇಲೆ ಕೆಮ್ಮಿ, ನಿಮ್ಮ ಬಾಮೈದನ ನಂಬರ್ ಇದೆಯಾ ಅಂತ ಕೇಳಿದ. ನನ್ನ ಹತ್ತಿರ ಅದಿಲ್ಲ ಅಂದುಕೊಂಡಿದ್ದೆ. ಬಾಯಿಗೆ ತಾನೇ ಬಂತು, ಇನ್ನೂ ಅದೇ ನಂಬರು. ಉಳಿದ ಮೂವರೂ ಅದನ್ನೇ ಕೇಳಿದರು. ಕೊಟ್ಟೆ. ಅವರಲ್ಲಿ ಪ್ರಿಂಗಲ್ ಕೂಡ ಒಬ್ಬ, ಬರೋ ವರ್ಷಕ್ಕೆ ಅಂತ ಕೇಳಿದ, ಆ ಗಲೀಜು ನನ್ಮಗ. ಅವನಿಗೂ ಕೊಟ್ಟೆ, ಟ್ಯಾಂಕು ಖಾಲಿ ಮಾಡಿಟ್ಟಿರು ಅಂದೆ.

ಅಕ್ಟೋಬರ್ 20, ಸೋಮವಾರ

ಒಂದೂ ಫೋನಿಲ್ಲ. ಗ್ಯಾರೇಜು ತೊಳೆದೆ. ಮತ್ತೆ ತೊಳೆದೆ.

ರಾತ್ರಿ ಊಟದ ಹೊತ್ತಿಗೆ ಒರೆಸ್ಟ್ ಫೋನು ಮಾಡಿದ. ಮೊದಲು ಸಿಟ್ಟಿನಲ್ಲೇ ಇದ್ದ. ಆ ಮೇಜಿನ ಮುಂದೆ ಹೋಗಿ ಹೇಳಿ ಅಂತ ನಿಮ್ಮನ್ನ ಯಾರು ಕೇಳಿದ್ರು, ಮೂರು ದಿನದಿಂದ ಮನೆ ತುಂಬ ಜನ, ಕೇಕು ಇಡೋಕೆ ಜಾಗವಿಲ್ಲ ಅಂದ. ಅವನು ಬೈದದ್ದು ನನಗೆ ಸರಿ ಅನ್ನಿಸಿತು. ಬೈಯಲಿ ಅಂತ ಸುಮ್ಮನೆ ಕೇಳಿಸಿಕೊಂಡೆ. ಆಮೇಲೆ ಹನ್ನೊಂದು ಟ್ರೇಲರ್ ಒಪ್ಪಿಕೊಂಡಿದೀನಿ, ಮಂಡಿ ನೋವು, ಒಬ್ಬನ ಕೈಲಾಗಲ್ಲ ಅಂದ.

"ಒಳಗಿನದು ನಾನು ನೋಡ್ಕೋತೀನಿ," ಅಂದ. "ಹೊರಗಿನದು ನೀವು."

ಹೊರಗಿನದೇ ಯಾಕೋ ಅಂತ ಕೇಳಿದೆ. ಒಳಗಿನದು ನಿಮಗೆ ಬರಲ್ಲವಲ್ಲ ಅಂದ.

ಅಕ್ಟೋಬರ್ 22, ಬುಧವಾರ

ನಾಲ್ಕು ಮುಗಿಸಿದೆವು. ಬೇಟೆಯವರ ಟ್ರೇಲರ್ ಅಂದರೆ ಕೇಳಬೇಡಿ. ಒಂದರ ಸಿಂಕಿನಲ್ಲಿ ಜಿಂಕೆಯ ರಕ್ತ ಹೆಪ್ಪುಗಟ್ಟಿ ತೂಬು ಕಟ್ಟಿತ್ತು. ಒಳಗಿನದು ಒರೆಸ್ಟನದಾದ್ದರಿಂದ ಅದು ಅವನ ಪಾಲಿಗೆ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡೋಕೆ ನೋಡಿದ. ನಾನು ಹೊರಗಿನಿಂದ, ಒಳಗಿನದು ನನಗೆ ಬರಲ್ಲವಲ್ಲಪ್ಪ ಅಂದೆ. ಆ ಸ್ಥಿತಿಯಲ್ಲೂ ನಕ್ಕ.

ಪ್ರತಿಯೊಂದು ಟ್ರೇಲರ್ ಮುಗಿದ ಮೇಲೆ ಒರೆಸ್ಟ್ ಕುಂಟುತ್ತಾ ಹಿಂಬದಿಗೆ ಬಂದ. ನಾನು ಮುಚ್ಚಿದ ಪುಟ್ಟ ಬಾಗಿಲು ತೆಗೆದು, ಟಾರ್ಚು ಬಿಟ್ಟು ನಲ್ಲಿ ತಿರುಗಿಸಿ, ಗುಲಾಬಿ ಹನಿ ನೋಡಿ, ಮುಚ್ಚಿ ಹೋದ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದವನ ಬೆನ್ನ ಹಿಂದೆ ಬಂದು ಟಾರ್ಚು ಬಿಡೋದು. ಮೊದಲನೆಯದರಲ್ಲಿ ಮೈಯೆಲ್ಲ ಉರಿಯಿತು. ಎರಡನೆಯದರಲ್ಲೂ ಉರಿಯಿತು, ಬೇರೆ ಕಡೆ ಮುಖ ಮಾಡಿ ನಿಂತೆ. ಮೂರನೆಯದಕ್ಕೆ ಬರುವಾಗ ಅವನ ಮಂಡಿ ಹಿಡಿದುಕೊಂಡಿತ್ತು, ಬಗ್ಗೋಕೆ ಕಷ್ಟಪಟ್ಟ.

ನಾಲ್ಕನೆಯದರಲ್ಲಿ ನಾನು ಬಾಗಿಲು ಮುಚ್ಚಲಿಲ್ಲ. ತೆಗೆದು ಹಿಡಿದುಕೊಂಡು ಅವನು ಬರೋವರೆಗೆ ಅಲ್ಲೇ ನಿಂತಿದ್ದೆ.